ಹಿಡಿಯದು, ತುಂಬದು, ನಿಲ್ಲದು

ಕನ್ನಡ ಪಾಠ ಹೇಳಿ ನಿವೃತ್ತನಾದವನು ಬ್ಯಾಟರಿ ಗಾಡಿಯ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ಸ್ವಲ್ಪ ಆಶ್ಚರ್ಯವಾದೀತು. ಆದರೆ ಈ ಗಾಡಿಗಳ ಕಾಯಿಲೆಯಲ್ಲಿ ಒಂದು ಪಾಲು ತಂತಿಯಲ್ಲಿಯೂ ಆಮ್ಲದಲ್ಲಿಯೂ ಇದ್ದರೆ, ಇನ್ನೊಂದು ಪಾಲು ಆ ಕಾಯಿಲೆಯನ್ನು ನಾವು ಹೇಳುವ ಮಾತಿನಲ್ಲಿದೆ. ಮಾತು ಅಸ್ಪಷ್ಟವಾದರೆ ಚಿಕಿತ್ಸೆಯೂ ಅಸ್ಪಷ್ಟವಾಗುತ್ತದೆ. ಅಷ್ಟರಮಟ್ಟಿಗೆ ಇದು ನನ್ನ ಕಸುಬಿಗೂ ಸೇರಿದ ವಿಷಯವೆಂದು ಭಾವಿಸಿ ನಾಲ್ಕು ಮಾತು ಹೇಳುತ್ತೇನೆ.

ಹಂಪೆಯ ವಿಜಯವಿಠ್ಠಲ ದೇವಾಲಯಕ್ಕೆ ಹೋಗಿಬಂದವರು ಈ ಗಾಡಿಗಳನ್ನು ಬಲ್ಲರು. ಕಾರು ಬಸ್ಸುಗಳನ್ನು ದೂರದಲ್ಲಿಯೇ ನಿಲ್ಲಿಸಿ, ಅಲ್ಲಿಂದ ಸುಮಾರು ಒಂದು ಕಿಲೋಮೀಟರು ದಾರಿಯನ್ನು ಬ್ಯಾಟರಿ ಗಾಡಿಯಲ್ಲಿ ಕುಳಿತು ಸಾಗಬೇಕು. ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ತಾಣದಲ್ಲಿ ಹೊಗೆಯೂ ಅದಿರಾಟವೂ ಶಿಲೆಗೆ ತಗುಲಬಾರದೆಂಬುದು ಈ ಏರ್ಪಾಡಿನ ಉದ್ದೇಶ. ಅಲ್ಲಿ ಗಾಡಿಗಳನ್ನು ಮಹಿಳೆಯರು ನಡೆಸುವುದನ್ನು ನೋಡಿ ಎಷ್ಟೋ ಜನ ಸಂತೋಷಪಟ್ಟಿದ್ದಾರೆ. ಓಡದ ಕಲ್ಲಿನ ರಥವನ್ನು ಕಾಣಲು ಸದ್ದಿಲ್ಲದೆ ಓಡುವ ಈ ಪುಟ್ಟ ರಥವನ್ನೇರಿ ಹೋಗುವುದರಲ್ಲಿ ಒಂದು ಸೊಗಸಿದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಮೈಸೂರಿನ ಮೃಗಾಲಯದಲ್ಲಿ, ದೊಡ್ಡ ರೈಲ್ವೆ ನಿಲ್ದಾಣಗಳಲ್ಲಿ, ನಮ್ಮ ನಂದಿಬೆಟ್ಟದ ತಪ್ಪಲಿನ ವಿಹಾರಧಾಮಗಳಲ್ಲಿ ಇದೇ ಜಾತಿಯ ಗಾಡಿಗಳಿವೆ. ಇವುಗಳ ಮೂಲಪುರುಷನೆಂದರೆ ಗಾಲ್ಫ್ ಆಟದವರು ಮೈದಾನದಲ್ಲಿ ಗುಳಿಯಿಂದ ಗುಳಿಗೆ ಓಡಾಡಲು ಬಳಸುವ ಬಂಡಿ. ಆಟ ಕೆಲವರದಾದರೂ ಬಂಡಿ ಎಲ್ಲರದಾಯಿತು. ಮಂಡಿನೋವಿನ ಅಜ್ಜಿಗೆ, ಕೋಲೂರಿ ನಡೆಯುವ ತಾತನಿಗೆ, ಮಗುವನ್ನೆತ್ತಿಕೊಂಡ ತಾಯಿಗೆ ಈಗ ಅದೇ ಆಸರೆ.

ಆ ಆಸರೆ ಒಂದು ಬೆಳಗ್ಗೆ ಅಲುಗದೆ ನಿಂತುಬಿಡುತ್ತದೆ. ಕಾರಣ ಕೇಳಿದರೆ ಬರುವ ಉತ್ತರ ಒಂದೇ: 'ಚಾರ್ಜ್ ಆಗುತ್ತಿಲ್ಲ.' ಇದಕ್ಕೆ ಮಾಡುವ ಉಪಾಯವೂ ಸಾಮಾನ್ಯವಾಗಿ ಒಂದೇ: ಬ್ಯಾಟರಿಗಳನ್ನೆಲ್ಲ ಕಿತ್ತು ಹೊಸದನ್ನು ಹಾಕಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ನಮ್ಮ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದಂತಿದೆ.

ರೋಗವನ್ನು ತಿಳಿಯಬೇಕಾದರೆ ಶರೀರವನ್ನು ಸ್ವಲ್ಪ ತಿಳಿಯಬೇಕು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರು ತಂತಿಯ ಮೇಲೆ ಪಯಣಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅದು ಹರಿಯುವ ಹೊಳೆ. ಹೊಳೆಯನ್ನು ಕೊಡದಲ್ಲಿ ತುಂಬಿಟ್ಟುಕೊಳ್ಳುವ ಉಪಾಯ ಅದಕ್ಕೂ ಹಳೆಯದು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ೧೮೫೯ರಲ್ಲಿ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಿಸಿ ಬಳಸಬಹುದಾದ ಬ್ಯಾಟರಿಯನ್ನು ಮೊದಲು ಮಾಡಿದನು. ಟ್ರ್ಯಾಕ್ಟರಿನಲ್ಲಿಯೂ ಮನೆಯ ಯುಪಿಎಸ್ಸಿನಲ್ಲಿಯೂ ಬಹುಪಾಲು ಬ್ಯಾಟರಿ ಗಾಡಿಗಳಲ್ಲಿಯೂ ಇರುವುದು ಅದರ ಸಂತಾನವೇ. ೨೦೦೧ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಕಾರು ಕೂಡ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳನ್ನು ಹೊತ್ತು ಓಡುತ್ತಿತ್ತು.

ಎಂಟಾರಲೆ ನಲವತ್ತೆಂಟು. ಗಾಲ್ಫ್ ಬಂಡಿಗಳಲ್ಲಿಯೂ ಸಾಮಾನ್ಯವಾಗಿ ಕಾಣುವ ಲೆಕ್ಕ ಈ ನಲವತ್ತೆಂಟು ವೋಲ್ಟು. ಎಂಟು ವೋಲ್ಟಿನ ಆರು ಬ್ಯಾಟರಿ, ಇಲ್ಲವೆ ಆರು ವೋಲ್ಟಿನ ಎಂಟು, ಇಲ್ಲವೆ ಹನ್ನೆರಡು ವೋಲ್ಟಿನ ನಾಲ್ಕು. ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಕಟ್ಟಿದ ಸಾಲು ಇದು. ಪ್ರತಿಯೊಂದು ಬ್ಯಾಟರಿಯೊಳಗೂ ಸುಮಾರು ಎರಡೆರಡು ವೋಲ್ಟಿನ ಕೋಣೆಗಳಿವೆ. ಎಲ್ಲ ಕೋಣೆಗಳನ್ನೂ ಲೆಕ್ಕ ಹಾಕಿದರೆ ಇಪ್ಪತ್ತನಾಲ್ಕು. ಸಾಲಿನಲ್ಲಿ ನಿಂತವರೆಲ್ಲ ಕೈಹಿಡಿದು ನಡೆಯಬೇಕು. ಒಬ್ಬನು ಕುಂಟಿದರೆ ಸಾಲೇ ಕುಂಟುತ್ತದೆ. ಗೋಡೆಯಿಂದ ಬರುವ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವಂಥದು. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವಂಥದು. ಈ ಇಬ್ಬರ ನಡುವೆ ದುಭಾಷಿಯಾಗಿ ನಿಂತಿರುವುದು ಚಾರ್ಜರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ತಪ್ಪಲಿನ ಒಂದು ವಿಹಾರಧಾಮದಲ್ಲಿ ಇಂಥ ಗಾಡಿಯ ಚಾಲಕ. ಹೋದ ಬೇಸಗೆಯಲ್ಲಿ ಮಂಚೇನಹಳ್ಳಿಗೆ ಬಂದಾಗ ಹುಡುಗನ ಮುಖ ಬಾಡಿತ್ತು. 'ಗಾಡಿ ಚಾರ್ಜ್ ಆಗ್ತಿಲ್ಲ ತಾತ. ಬ್ಯಾಟರಿ ಎಲ್ಲಾ ಹೋಯ್ತು, ನೀನೇ ಕೆಡಿಸಿದ್ದು, ಸಂಬಳದಲ್ಲಿ ಮುರ್ಕೊಳ್ತೀವಿ ಅಂತಾರೆ' ಎಂದನು. ಆರು ಬ್ಯಾಟರಿಗಳ ಬೆಲೆಯೆಂದರೆ ಅವನ ಹಲವು ತಿಂಗಳ ಸಂಬಳ. ಟ್ರ್ಯಾಕ್ಟರು ಬ್ಯಾಟರಿಗಳ ಕೆಲಸದಲ್ಲಿ ತಲೆ ನರೆತ ಹಿರಿಯರೊಬ್ಬರು ನಮ್ಮ ನೆರೆಯಲ್ಲಿದ್ದಾರೆ. ಅವರು ಬೀಡಿಯನ್ನು ಪಕ್ಕಕ್ಕಿಟ್ಟು ಕೇಳಿದ್ದು ಒಂದೇ ಪ್ರಶ್ನೆ: 'ಆಗ್ತಿಲ್ಲ ಅಂದ್ರೆ ಏನಪ್ಪಾ? ಹಿಡೀತಿಲ್ವೋ, ತುಂಬ್ತಿಲ್ವೋ, ನಿಲ್ತಿಲ್ವೋ?'

ಶ್ರೋತೃಗಳೇ, ನಲವತ್ತು ವರ್ಷ ವ್ಯಾಕರಣ ಹೇಳಿದ ನನಗೆ ಆ ಪ್ರಶ್ನೆ ಬಹಳ ಹಿಡಿಸಿತು. 'ಆಗು' ಎಂಬುದು ಎಲ್ಲ ಕೆಲಸಕ್ಕೂ ಒದಗುವ ಕ್ರಿಯಾಪದ; ಆದುದರಿಂದಲೇ ಅದು ಏನನ್ನೂ ಖಚಿತವಾಗಿ ಹೇಳದು. ಹಿಡಿಯುವುದು, ತುಂಬುವುದು, ನಿಲ್ಲುವುದು, ಇವು ಮೂರು ಬೇರೆ ಬೇರೆ ಸಂಗತಿಗಳು. ಮೂರಕ್ಕೂ ಕಾರಣಗಳು ಬೇರೆ, ಮದ್ದು ಬೇರೆ, ಖರ್ಚೂ ಬೇರೆ.

ಮೊದಲನೆಯದು, ಹಿಡಿಯದಿರುವುದು. ಪ್ಲಗ್ಗು ಹಾಕಿದರೂ ಚಾರ್ಜರಿನ ದೀಪ ಹೊತ್ತುವುದಿಲ್ಲ, ಗುಂಯ್‌ಗುಡುವ ಸದ್ದು ಕೇಳುವುದಿಲ್ಲ. ಇಲ್ಲಿ ಬ್ಯಾಟರಿಯ ಮೇಲೆ ಗುಮಾನಿ ಪಡುವುದಕ್ಕೆ ಮುನ್ನ ಗೋಡೆಯಿಂದ ಹೊರಟು ಗಾಡಿಯವರೆಗೆ ಹೆಜ್ಜೆಹೆಜ್ಜೆಯಾಗಿ ನಡೆದುಕೊಂಡು ಬರಬೇಕು. ಗೋಡೆಯ ಸಾಕೆಟ್ಟಿನಲ್ಲಿ ವಿದ್ಯುತ್ತಿದೆಯೆ? ಸಣ್ಣ ದೀಪ ಉರಿದರೆ ಸಾಲದು. ಸಡಿಲವಾದ ತಂತಿಯಲ್ಲಿಯೂ ಅದು ಉರಿದೀತು. ಇಸ್ತ್ರಿ ಪೆಟ್ಟಿಗೆ ಚೆನ್ನಾಗಿ ಕಾಯುವುದೇ ನೋಡಬೇಕು. ಚಾರ್ಜರಿಗೂ ಗೋಡೆಗೂ ನಡುವೆ ತೆಳ್ಳನೆಯ ಉದ್ದನೆಯ ವೈರನ್ನು ಎಳೆದಿದ್ದರೆ ಅದನ್ನು ತೆಗೆದು ನೇರವಾಗಿ ಹಾಕಿ ನೋಡಬೇಕು. ಸಂಜೆ ಪಂಪುಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜು ಕುಗ್ಗುವ ಕಡೆ, ಸಂಜೆ ಮುನಿಸಿಕೊಂಡ ಚಾರ್ಜರು ನಡುರಾತ್ರಿ ತಾನಾಗಿ ಒಪ್ಪಿಕೊಳ್ಳುವುದುಂಟು. ಆಮೇಲೆ ಚಾರ್ಜರಿನ ಫ್ಯೂಸು. ಅನಂತರ ಅದರ ತಂತಿಯ ತುದಿಯೂ ಗಾಡಿಯಲ್ಲಿರುವ ಅದರ ಗೂಡೂ. ದಿನವೂ ಎಳೆದು ತೆಗೆದು ಅಲ್ಲಿನ ಹಿತ್ತಾಳೆಯ ನಾಲಗೆಗಳು ಸಡಿಲವಾಗುತ್ತವೆ, ಸಡಿಲವಾದುದು ಕಾಯುತ್ತದೆ, ಕಾದುದು ಕರಕಾಗುತ್ತದೆ. ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿದ್ದರೆ ಕಳ್ಳ ಅಲ್ಲಿಯೇ ಇದ್ದಾನೆಂದು ತಿಳಿಯಬಹುದು.

ನಮ್ಮ ಹುಡುಗನ ಗಾಡಿಯಲ್ಲಿ ಸಿಕ್ಕಿದ್ದು ಇದೇ. ಗೂಡಿನೊಳಗಿನ ಒಂದು ನಾಲಗೆ ಸುಟ್ಟಿತ್ತು. ಆ ಬಿಡಿಭಾಗವನ್ನು ಬದಲಿಸಿದ ರಾತ್ರಿಯೇ ದೀಪ ಹೊತ್ತಿತು. ಆರು ಬ್ಯಾಟರಿಗಳೂ ಹುಡುಗನ ಸಂಬಳವೂ ಉಳಿದವು.

ಹಿಡಿಯದಿರುವುದಕ್ಕೆ ಇನ್ನೊಂದು ಕಾರಣವಿದೆ. ಇದು ಬಲ್ಲವರನ್ನೂ ದಾರಿತಪ್ಪಿಸುವಂಥದು. ಈಚಿನ ಅನೇಕ ಚಾರ್ಜರುಗಳು ಮೊದಲು ಬ್ಯಾಟರಿಸಾಲಿನ ವೋಲ್ಟೇಜನ್ನು ಮುಟ್ಟಿ ನೋಡುತ್ತವೆ. ಅದು ತೀರ ಕೆಳಗಿಳಿದಿದ್ದರೆ, ಇಲ್ಲಿ ಬ್ಯಾಟರಿಯೇ ಇಲ್ಲವೆಂದು ತಿಳಿದು ಕೆಲಸವನ್ನೇ ಆರಂಭಿಸುವುದಿಲ್ಲ. ೨೦೨೦ರಲ್ಲಿ ಸ್ಮಾರಕಗಳೂ ಉದ್ಯಾನಗಳೂ ಮುಚ್ಚಿ ಗಾಡಿಗಳು ನಿಂತಲ್ಲಿಯೇ ನಿಂತಂಥ ಕಾಲದಲ್ಲಿ ಹೀಗಾಗುವುದು ಸಹಜ. ಉಪವಾಸದಿಂದ ಮೂರ್ಛೆ ಹೋದವನ ಮುಂದೆ ಎಲೆ ಹಾಕಿ ಬಡಿಸಿದರೆ ಅವನು ಉಣ್ಣಲಾರ. ಮೊದಲು ಗಂಟಲಿಗೆ ಗುಟುಕು ಗಂಜಿ ಇಳಿಯಬೇಕು. ಬಲ್ಲ ಕೆಲಸಗಾರರು ಪ್ರತಿಯೊಂದು ಬ್ಯಾಟರಿಯನ್ನೂ ಅದಕ್ಕೆ ತಕ್ಕ ಚಿಕ್ಕ ಚಾರ್ಜರಿನಿಂದ ಬೇರೆಬೇರೆಯಾಗಿ ಸ್ವಲ್ಪ ಎಬ್ಬಿಸಿಕೊಡುತ್ತಾರೆ. ಆಮೇಲೆ ಗಾಡಿಯ ಚಾರ್ಜರು ತನ್ನ ಕೆಲಸ ಹಿಡಿಯುತ್ತದೆ.

ಎರಡನೆಯ ದೂರಿಗೆ ಹೋಗುವ ಮುನ್ನ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು, ಏಕೆಂದರೆ ಇನ್ನು ಮುಂದೆ ಸೀಟನ್ನೆತ್ತಿ ಬ್ಯಾಟರಿಗಳನ್ನೇ ನೋಡಬೇಕಾಗುತ್ತದೆ. ಚಾರ್ಜಾಗುವ ಸೀಸದ ಬ್ಯಾಟರಿ ಜಲಜನಕವನ್ನು ಹೊರಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೆ ಒಂದು ಕಿಡಿ ಸಾಕು. ನಮ್ಮ ಹಿರಿಯರು ಬೀಡಿಯನ್ನು ಪಕ್ಕಕ್ಕಿಟ್ಟದ್ದು ಸುಮ್ಮನೆಯಲ್ಲ. ಚಾರ್ಜು ಮಾಡುವ ಜಾಗದಲ್ಲಿ ಗಾಳಿಯಾಡಬೇಕು, ಬೆಂಕಿ ಸುಳಿಯಬಾರದು. ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗವಸು ಬೇಕು. ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದಿಡಬೇಕು. ಎರಡು ತುದಿಗಳ ನಡುವೆ ಲೋಹ ತಗುಲಿದರೆ ಚರ್ಮ ಸುಡುವುದಕ್ಕೆ ಕ್ಷಣ ಬೇಡ. ಚಾರ್ಜರನ್ನು ಗೋಡೆಯಿಂದ ಕಳಚಿ, ಗಾಡಿಯ ಕೀಲಿ ತೆಗೆದ ಮೇಲೆಯೇ ಕೈಹಾಕಬೇಕು. ಚಾರ್ಜರಿನ ಪೆಟ್ಟಿಗೆಯನ್ನು ಮಾತ್ರ ತಿಳಿಯದವರು ಬಿಚ್ಚಲೇಕೂಡದು.

ಇನ್ನು ಎರಡನೆಯದು, ತುಂಬದಿರುವುದು. ದೀಪ ಹೊತ್ತುತ್ತದೆ, ಸದ್ದು ಕೇಳುತ್ತದೆ. ಆದರೆ ಸಾಧಾರಣವಾಗಿ ಎಂಟು ಹತ್ತು ಗಂಟೆಗಳಲ್ಲಿ ಮುಗಿಯಬೇಕಾದ ಕೆಲಸ ಬೆಳಗಾದರೂ ಮುಗಿದಿರುವುದಿಲ್ಲ. ಮೊದಲು ಕಣ್ಣಿನಿಂದ ನೋಡಬೇಕು. ತುದಿಗಳಲ್ಲಿ ಬಿಳಿ, ನೀಲಿ, ಹಸುರು ಬಣ್ಣದ ಕಿಲುಬು ಹೂಬಿಟ್ಟಿದೆಯೆ? ಕೊಂಡಿಗಳು ಸಡಿಲವಾಗಿವೆಯೆ? ಮುಚ್ಚಳಗಳನ್ನು ಬಿಗಿಯಾಗಿ ಹಾಕಿ, ಅಡುಗೆಸೋಡವನ್ನು ನೀರಿನಲ್ಲಿ ಕದಡಿ ಕಿಲುಬನ್ನು ತೊಳೆಯಬಹುದು. ಸೋಡದ ನೀರು ಮಾತ್ರ ಒಳಗಿಳಿಯಬಾರದು. ಇಳಿದರೆ ಆಮ್ಲದ ಸತ್ತ್ವವೇ ಹೋಗುತ್ತದೆ.

ಅನಂತರ ಅಳೆಯಬೇಕು. ಮಲ್ಟಿಮೀಟರು ಎಂಬ ಅಂಗೈಯಗಲದ ಯಂತ್ರ ಈಗ ಎಲ್ಲ ಪೇಟೆಗಳಲ್ಲಿಯೂ ಸಿಗುತ್ತದೆ. ಚಾರ್ಜು ಮುಗಿದು ಕೆಲವು ಗಂಟೆ ವಿಶ್ರಮಿಸಿದ ನಲವತ್ತೆಂಟು ವೋಲ್ಟಿನ ಸಾಲು ಪೂರ್ತಿ ತುಂಬಿದ್ದರೆ ಸುಮಾರು ೫೦.೯ ವೋಲ್ಟು ತೋರಿಸುತ್ತದೆ. ಅರ್ಧ ತುಂಬಿದ್ದರೆ ಸುಮಾರು ೪೮.೪. ಆದರೆ ಮೊತ್ತವನ್ನು ಮಾತ್ರ ನೋಡಿ ತೀರ್ಪು ಕೊಡಬಾರದು. ಒಂದು ಲೆಕ್ಕ ನೋಡಿ. ಎಂಟು ವೋಲ್ಟಿನ ಆರು ಬ್ಯಾಟರಿಗಳಲ್ಲಿ ಐದು ತಲಾ ೮.೪ ತೋರಿಸುತ್ತಿವೆ, ಆರನೆಯದು ೬.೩. ಕೂಡಿದರೆ ೪೮.೩. ಮೊತ್ತವನ್ನು ನೋಡಿದವರು ಸಾಲು ಅರ್ಧ ತುಂಬಿದೆ, ಇನ್ನಷ್ಟು ಚಾರ್ಜು ಮಾಡಿ ಎನ್ನುತ್ತಾರೆ. ನಿಜಸಂಗತಿಯೇ ಬೇರೆ: ಐವರು ಹೆಚ್ಚುಕಡಿಮೆ ಹೊಟ್ಟೆತುಂಬ ಉಂಡಿದ್ದಾರೆ, ಆರನೆಯವನ ನಾಲ್ಕು ಕೋಣೆಗಳಲ್ಲಿ ಒಂದು ಸತ್ತಿದೆ. ತುಂಬಿದೆಯೆಂದು ಚಾರ್ಜರು ತಿಳಿಯಬೇಕಾದರೆ ಸಾಲಿನ ವೋಲ್ಟೇಜು ಒಂದು ಮಟ್ಟಕ್ಕೆ ಏರಬೇಕು. ಸತ್ತ ಕೋಣೆಯಿಂದಾಗಿ ಅದು ಏರದು. ಚಾರ್ಜರು ಬಿಡದೆ ಬಡಿಸುತ್ತಲೇ ಇರುತ್ತದೆ. ಉಂಡವರು ಮತ್ತೆ ಉಣ್ಣಬೇಕಾಗಿ ಅವುಗಳ ನೀರು ಕುದಿದು ಆರುತ್ತದೆ. ಹೀಗೆ ಒಂದು ಕೋಣೆಯ ಸಾವು ಐದು ಬ್ಯಾಟರಿಗಳ ಮರಣಕ್ಕೆ ಮುನ್ನುಡಿಯಾಗುತ್ತದೆ. ಆದುದರಿಂದ ಒಂದೊಂದನ್ನೂ ಬೇರೆಯಾಗಿ ಅಳೆದು, ಕಾಗದದ ಮೇಲೆ ಬರೆದಿಡಬೇಕು.

ಮುಚ್ಚಳ ತೆಗೆಯಬಲ್ಲ ಬ್ಯಾಟರಿಗಳಲ್ಲಿ ಇನ್ನೂ ಒಳಗಿನ ಸತ್ಯವನ್ನು ಹೇಳುವುದು ಹೈಡ್ರೋಮೀಟರು. ಗಾಜಿನ ಕೊಳವೆಗೆ ಆಮ್ಲವನ್ನು ಹೀರಿ ಅದರ ಸಾಂದ್ರತೆಯನ್ನು ನೋಡುವ ಸಾಧನ ಅದು. ತುಂಬಿದ ಕೋಣೆ ಸುಮಾರು ೧.೨೭ ತೋರಿಸಿದರೆ ಅರ್ಧ ತುಂಬಿದ್ದು ೧.೧೯ರ ಹತ್ತಿರ. ಅಕ್ಕಪಕ್ಕದ ಕೋಣೆಗಳಿಗೂ ಒಂದು ಕೋಣೆಗೂ ೦.೦೫ರಷ್ಟು ಅಂತರ ಕಂಡರೆ ಆ ಕೋಣೆಗೆ ಕಾಯಿಲೆಯಿದೆಯೆಂದು ತಿಳಿಯಬೇಕು.

ಮೂರನೆಯದು, ನಿಲ್ಲದಿರುವುದು. ಚಾರ್ಜರು ಬೇಗ ಬೇಗ ಮುಗಿಸಿ ದೀಪ ತೋರಿಸುತ್ತದೆ. ಗಾಡಿ ಎರಡು ಸುತ್ತು ಹೋಗುವಷ್ಟರಲ್ಲಿ ಸೊರಗುತ್ತದೆ. ಹೂಳು ತುಂಬಿದ ಕೆರೆಯನ್ನು ಕಂಡ ನಮ್ಮ ಸೀಮೆಯ ಜನಕ್ಕೆ ಇದನ್ನು ವಿವರಿಸುವುದು ಸುಲಭ. ಒಂದೇ ಮಳೆಗೆ ಕೋಡಿ ಬೀಳುತ್ತದೆ, ಒಂದೇ ತಿಂಗಳಿಗೆ ಬರಿದಾಗುತ್ತದೆ. ಏಕೆಂದರೆ ನೀರು ನಿಲ್ಲುವ ಜಾಗದಲ್ಲಿ ಹೂಳು ಕುಳಿತಿದೆ. ಬ್ಯಾಟರಿಯ ಹೂಳೆಂದರೆ ಸೀಸದ ಸಲ್ಫೇಟು. ಬ್ಯಾಟರಿ ಖಾಲಿಯಾಗುವಾಗಲೆಲ್ಲ ಅದು ಫಲಕಗಳ ಮೇಲೆ ಮೆತ್ತಗೆ ಕೂಡುತ್ತದೆ, ಕೂಡಲೆ ಚಾರ್ಜು ಮಾಡಿದರೆ ಕರಗುತ್ತದೆ. ಖಾಲಿಯಾದುದನ್ನು ಹಾಗೆಯೇ ದಿನಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಬಿಡಿಸುವುದು ಕಷ್ಟ. ನಾಳೆ ಪ್ರವಾಸಿಗರಿಲ್ಲ, ನಾಡಿದ್ದು ಚಾರ್ಜು ಮಾಡಿದರಾಯಿತೆಂಬ ಮಾತು ಅಗ್ಗದ್ದಲ್ಲ. ಅಂದು ಓಡಿದ್ದಕ್ಕೆ ಅಂದೇ ಮೇವು ಎಂಬ ಎತ್ತಿನ ನಿಯಮ ಇಲ್ಲಿಯೂ ಸಲ್ಲುತ್ತದೆ. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಲು ಬಿಡದಿರುವುದು ಇನ್ನೂ ಉತ್ತಮ.

ಆದರೆ ಇಲ್ಲಿಯೂ ಎಮ್ಮೆಗೆ ಬರೆ ಬೀಳುವುದುಂಟು. ಚಕ್ರದ ಬ್ರೇಕು ಬಿಡದೆ ಉಜ್ಜುತ್ತಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ, ಆರು ಜನರ ಗಾಡಿಯಲ್ಲಿ ಒಂಬತ್ತು ಜನ ಕುಳಿತಿದ್ದರೆ ಒಳ್ಳೆಯ ಬ್ಯಾಟರಿಯೂ ಬೇಗನೆ ಸೋಲುತ್ತದೆ. ಸಮನೆಲದಲ್ಲಿ ಗಾಡಿಯನ್ನು ಕೈಯಿಂದ ತಳ್ಳಿ ನೋಡಿದರೆ ಬ್ರೇಕಿನ ಕಥೆ ತಿಳಿದುಬಿಡುತ್ತದೆ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಲ್ಲೆಣಿಸದೆ ಯಾರೂ ಎತ್ತು ಕೊಳ್ಳುವುದಿಲ್ಲ. ಬ್ಯಾಟರಿಗೂ ಹುಟ್ಟಿದ ತಿಂಗಳು ವರ್ಷಗಳ ಗುರುತಿರುತ್ತದೆ. ಅದನ್ನು ನೋಡಬೇಕು. ಎಲ್ಲವೂ ಮುಪ್ಪಾಗಿದ್ದರೆ ಎಲ್ಲವನ್ನೂ ಬದಲಿಸುವುದೇ ನ್ಯಾಯ. ಮುದಿ ಸಾಲಿಗೆ ಒಂದು ಹೊಸದನ್ನು ಸೇರಿಸಿದರೆ, ಮುದಿ ಎತ್ತಿನ ಜತೆಗೆ ಹೋರಿಗರುವನ್ನು ನೊಗಕ್ಕೆ ಕಟ್ಟಿದಂತೆ, ಎರಡೂ ಕೆಡುತ್ತವೆ.

ಇಷ್ಟು ಹೇಳಿ ನೀರಿನ ಮಾತನ್ನು ಬಿಟ್ಟರೆ ಚಿಕ್ಕಬಳ್ಳಾಪುರ ಜಿಲ್ಲೆಯವನೆನಿಸಿಕೊಳ್ಳಲು ನಾನು ಅರ್ಹನಲ್ಲ. ಚಾರ್ಜಿನ ಹೊತ್ತಿನಲ್ಲಿ ನೀರು ಆವಿಯಾಗಿಯೂ ಅನಿಲವಾಗಿಯೂ ಕಳೆಯುತ್ತದೆ. ಫಲಕಗಳ ತಲೆ ಒಣಗಿದರೆ ಆ ಭಾಗ ಕೆಟ್ಟಿತು. ಆದುದರಿಂದ ಚಾರ್ಜು ಮಾಡುವ ಮುನ್ನ ಫಲಕಗಳು ಮುಳುಗಿವೆಯೇ ಎಂದಷ್ಟೇ ನೋಡಬೇಕು. ಒಣಗಿದ್ದರೆ ಮುಳುಗುವಷ್ಟೇ ನೀರು ಹಾಕಬೇಕು. ಪೂರ್ತಿ ಮಟ್ಟಕ್ಕೆ ಹಾಕುವುದು ಚಾರ್ಜು ಮುಗಿದ ಮೇಲೆ. ಮೊದಲೇ ತುಂಬಿಸಿದರೆ ಆಮ್ಲ ಉಬ್ಬಿ ಹೊರಚೆಲ್ಲಿ ಕಿಲುಬಿಗೆ ಕಾರಣವಾಗುತ್ತದೆ. ಹಾಕಬೇಕಾದುದು ಡಿಸ್ಟಿಲ್ಡ್ ವಾಟರು ಮಾತ್ರ, ಆಮ್ಲವನ್ನಂತೂ ಹಾಕಲೇಕೂಡದು. ನಮ್ಮ ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ನೀರು ಗಡುಸಾಗಿದೆ. ಅದರಲ್ಲಿನ ಫ್ಲೋರೈಡು ನಮ್ಮ ಹಲ್ಲು ಮೂಳೆಗಳನ್ನೇ ಬಿಟ್ಟಿಲ್ಲ. ಆ ನೀರಿನ ಲವಣಗಳು ಬ್ಯಾಟರಿಯ ಫಲಕಗಳಿಗೂ ಶತ್ರು. ಬಾಟಲಿಯಲ್ಲಿ ಮಾರುವ ಕುಡಿಯುವ ನೀರಿನಲ್ಲಿಯೂ ಲವಣಗಳಿರುವುದರಿಂದ ಅದೂ ಬೇಡ. ಮನುಷ್ಯನಿಗೆ ರುಚಿಯಾದುದು ಬ್ಯಾಟರಿಗೆ ಪಥ್ಯವಲ್ಲ.

ಈಚೆಗೆ ಲಿಥಿಯಂ ಬ್ಯಾಟರಿಯ ಗಾಡಿಗಳೂ ಬರುತ್ತಿವೆ. ಅವಕ್ಕೆ ನೀರು ಬೇಡ, ಕಿಲುಬಿನ ಕಾಟ ಕಡಿಮೆ. ಆದರೆ ಅವುಗಳೊಳಗೆ ಒಂದು ಕಾವಲು ಮಂಡಲಿ ಕುಳಿತಿರುತ್ತದೆ. ಕಾವು ಮಿತಿಮೀರಿದರೆ, ಯಾವುದಾದರೂ ಕೋಣೆ ತೀರ ಇಳಿದರೆ, ಅದು ಬಾಗಿಲು ಹಾಕಿಬಿಡುತ್ತದೆ. ಆಗಲೂ ಜನ 'ಚಾರ್ಜ್ ಆಗುತ್ತಿಲ್ಲ' ಎನ್ನುತ್ತಾರೆ. ಸೀಸದ ಬ್ಯಾಟರಿಯ ಚಾರ್ಜರನ್ನು ಇವಕ್ಕೆ ಹಾಕಬಾರದು, ಕಾವಲನ್ನು ತಪ್ಪಿಸುವ ಸಾಹಸ ಮಾಡಬಾರದು. ತಯಾರಿಸಿದವರ ಕೆಲಸಗಾರರಿಗೇ ಒಪ್ಪಿಸಬೇಕು.

ಕೊನೆಗೂ ಬದಲಿಸಲೇಬೇಕಾದಾಗ ಹಳೆಯ ಬ್ಯಾಟರಿಯನ್ನು ಗುಜರಿಯವನ ಕೈಗೆ ಕೊಟ್ಟು ಮರೆಯುವಂತಿಲ್ಲ. ಹಿತ್ತಲಿನಲ್ಲಿ ಒಡೆದು ಕರಗಿಸಿದ ಸೀಸ ಮಣ್ಣಿಗೂ ನೀರಿಗೂ ಇಳಿದು ಮಕ್ಕಳ ಮೆದುಳನ್ನು ಮುಟ್ಟುವ ವಿಷ. ೨೦೨೨ರಲ್ಲಿ ಕೇಂದ್ರಸರ್ಕಾರ ಹೊರಡಿಸಿದ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹೊಸದನ್ನು ಕೊಂಡ ಅಂಗಡಿಗೇ ಹಳೆಯದನ್ನು ಒಪ್ಪಿಸುವುದು ಲಾಭಕರವೂ ಹೌದು, ಧರ್ಮವೂ ಹೌದು.

ಯಂತ್ರಗಳಿಗೆ ಬಾಯಿಲ್ಲವೆನ್ನುತ್ತೇವೆ. ದೀಪ, ಸದ್ದು, ಕಾವು, ವಾಸನೆ, ಕಿಲುಬಿನ ಬಣ್ಣ, ಇವೆಲ್ಲ ಅದರ ಮಾತೇ. ಆ ಮಾತನ್ನು ದಿನವೂ ಕೇಳುವವರು ಗಾಡಿ ನಡೆಸುವ ಹುಡುಗರು, ಹೆಣ್ಣುಮಕ್ಕಳು. ಕೆಟ್ಟಾಗ ಮೊದಲು ಬೈಗುಳ ತಿನ್ನುವವರೂ ಅವರೇ. ಬೈಯುವ ಮುನ್ನ ಅವರನ್ನು ಕರೆದು, ಗಾಡಿ ಹಿಡಿಯುತ್ತಿಲ್ಲವೋ, ತುಂಬುತ್ತಿಲ್ಲವೋ, ನಿಲ್ಲುತ್ತಿಲ್ಲವೋ ಎಂದು ಕೇಳಿದರೆ, ಉತ್ತರದ ಬಹುಪಾಲು ಅವರ ಬಾಯಿಂದಲೇ ಬರುತ್ತದೆ. ಕೇಳುವುದಕ್ಕೆ ಖರ್ಚಿಲ್ಲ, ಕೇಳದೆ ಮಾಡುವ ಚಿಕಿತ್ಸೆಗೆ ಖರ್ಚು ಬಹಳ.